ಅಕ್ಕಾರ ಸಾದಾ ಗೋಧಿ

ಕಳೆದ ವಾರ ಕರ್ಜಗಿಯಿಂದ ಒಬ್ಬ ರೈತ ಬೈಕಿನ ಮೇಲೆ ಬ್ಯಾಡಗಿಗೆ, ನನ್ನ ಸ್ಟುಡಿಯೋಕ್ಕೆ ಬಂದಿದ್ದ. ಅವನ ಸೋದರತ್ತೆ ತೀರಿಕೊಂಡಿದ್ದರು. ಕಟ್ಟು ಹಾಕಿಸಿ ಹಾರ ಹಾಕುವುದಕ್ಕೆ ಒಂದು ಫೋಟೋ ಬೇಕಾಗಿತ್ತು. ಮನೆಯಲ್ಲಿ ಇದ್ದದ್ದು ಆಫೀಸಿನ ಗುರುತಿನ ಚೀಟಿಯದೊಂದೇ. ಅದರಲ್ಲೂ ಗದ್ದದಿಂದ ಕೆಳಗೆಲ್ಲ ಆಫೀಸಿನ ಸಿಕ್ಕಾ ಒತ್ತಿದ ಮಸಿ.

“ನಮ್ಮತ್ತಿ ಫೋಟೋ ನಿಮ್ಮ ಹಂತೇಕ ಇರತಾವ ಅಂದ್ರು. ಭಾಳ ವರ್ಷ ಆಕಿ ಕೆಲಸದ ಫೋಟೋ ತಗದವ್ರು ನೀವ ಅಂತಲ್ರಿ,” ಎಂದ.

ಯಾವ ಅತ್ತೆ ಎಂದು ಕೇಳುವ ಅಗತ್ಯ ಬೀಳಲಿಲ್ಲ. ಅವರು ಹೋದ ಸುದ್ದಿ ನನಗೆ ತಿಳಿದದ್ದು ಹೀಗೆ, ಒಂದು ಆರ್ಡರಿನ ರೂಪದಲ್ಲಿ. ಅವನನ್ನು ಕೂರಿಸಿ, ಚಹಾ ಹೇಳಿ, ಅಟ್ಟದ ಮೇಲಿನ ನೆಗೆಟಿವ್ ಡಬ್ಬಿ ಇಳಿಸಿದೆ. ಅದರಲ್ಲಿ ಅವರವು ಬೇಕಾದಷ್ಟಿವೆ. ಆದರೆ ಒಂದರಲ್ಲೂ ಅವರಿಲ್ಲ. ಇದು ನನಗೆ ಮೊದಲೇ ಗೊತ್ತಿತ್ತು. ಆದರೂ ಒಂದೊಂದನ್ನೇ ಬೆಳಕಿಗೆ ಹಿಡಿಯುತ್ತ ಕೂತೆ.

ರಾಣೇಬೆನ್ನೂರಿನ ಹೊರಗೆ ಒಂದು ಬೀಜದ ಕಂಪನಿಯ ಸಂಶೋಧನಾ ತೋಟವಿತ್ತು. ಅವರು ಅಲ್ಲಿ ವಿಜ್ಞಾನಿ. ಅದಕ್ಕೂ ಮುಂಚೆ ಯಾವುದೋ ಶಾಲೆಯಲ್ಲಿ ಒಂದು ವರ್ಷ ಪಾಠ ಹೇಳಿದ್ದರಂತೆ. ಅಷ್ಟಕ್ಕೇ ಹೊಲದ ಹೆಣ್ಣಾಳುಗಳು, ನಮ್ಮ ಕಡೆ ಟೀಚರಮ್ಮನಿಗೆ ಅನ್ನುವ ಹಾಗೆ, ಅವರನ್ನು ಅಕ್ಕಾರು ಎಂದು ಕರೆಯತೊಡಗಿ, ಕೊನೆಗೆ ಕಂಪನಿಯ ಮಾಲೀಕರೂ ಹಾಗೇ ಕರೆಯುತ್ತಿದ್ದರು. ನಾನೂ ಇಲ್ಲಿ ಹಾಗೇ ಬರೆಯುತ್ತೇನೆ. ಹೆಸರು ಹಾಕಿ ಬರೆದರೆ ಅವರಿಗೆ ಸೇರುತ್ತಿರಲಿಲ್ಲ.

ರಾಣೇಬೆನ್ನೂರಿನ ಸುತ್ತ ಆಗ ಎಲ್ಲಿ ನೋಡಿದರೂ ಬೀಜದ ಪ್ಲಾಟುಗಳೇ. ಹತ್ತಿ, ಟೊಮೆಟೊ, ಬದನೆ, ಮೆಣಸಿನಕಾಯಿ. ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುವ ಕೈಗಳು ಆ ಸೀಮೆಯಲ್ಲಿ ಮನೆಗಿಷ್ಟು. ಅಂಥ ಕಡೆ ಅಕ್ಕಾರು ಒಂದು ಮೂಲೆಯಲ್ಲಿ ಗೋಧಿ ಬೆಳೆಯುತ್ತಿದ್ದರು. ಯಾರೂ ಬೆಳೆಯಿರಿ ಎಂದಿರಲಿಲ್ಲ. ಹತ್ತಿ, ಮೆಣಸಿನಕಾಯಿ ಬೀಜ ಶುದ್ಧವೋ ಅಲ್ಲವೋ ಎಂದು ಪರೀಕ್ಷೆ ಮಾಡುವುದು ಅವರ ನೌಕರಿ. ಗೋಧಿ ಅವರ ಕರಾರು. ಅದಕ್ಕೆ ಒಂದು ತುಂಡು ನೆಲ ಕೊಟ್ಟರೆ ಮಾತ್ರ ಬರುತ್ತೇನೆ ಎಂದು ಹೇಳಿಯೇ ಕೆಲಸಕ್ಕೆ ಸೇರಿದ್ದರು.

ನಾನು ಮದುವೆ ಫೋಟೋ ತೆಗೆಯುವವನು. ಕಂಪನಿಯ ಡ್ರೈವರನ ಮದುವೆ ತೆಗೆದಿದ್ದೆ. ಅಕ್ಕಾರ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಕೂರಿಸುವ ಕೊರಳಿತ್ತು, ಆದರೆ ಕ್ಯಾಮೆರಾ ಇರಲಿಲ್ಲ. ನನ್ನದು ಅದಕ್ಕೆ ಹೊಂದುತ್ತದೆ ಎಂದು ಆ ಡ್ರೈವರ್ ಹೇಳಿದನಂತೆ. ಡಿಜಿಟಲ್ ಇನ್ನೂ ನಮ್ಮ ಕಡೆ ಕಾಲಿಟ್ಟಿರಲಿಲ್ಲ. ಮೊದಲ ದಿನ ನಾನು ಹೋದಾಗ ಮೆಣಸಿನಕಾಯಿಯ ಹಂಗಾಮು. ನಮ್ಮೂರ ಪೇಟೆಯಲ್ಲಿ ಆ ದಿನಗಳಲ್ಲಿ ಗಾಳಿಯೂ ಕೆಂಪಗಿರುತ್ತದೆ. ನಾನು ನಮಸ್ಕಾರ ಹೇಳುವ ಮುಂಚೆಯೇ ಅವರು ಸೀನಿದರು.

“ನಿಮಗಿಂತ ಮೊದಲ ನಿಮ್ಮ ಊರು ಬಂತು ನೋಡ್ರಿ,” ಎಂದರು.

ಆಮೇಲೆ ಕಡಲೆ ಹಿಟ್ಟು ಕೊಟ್ಟು ಕೈ ತೊಳೆಸಿದರು. ಕ್ಯಾಮೆರಾ ಒರೆಸುವ ನನ್ನ ಬಟ್ಟೆಯನ್ನು ಕಿಟಕಿಯಾಚೆ ಎಸೆದು ತಮ್ಮದೊಂದು ಕೊಟ್ಟರು. ಅಂದಿನಿಂದ ಆ ಕೋಣೆಗೆ ಹೋದಾಗಲೆಲ್ಲ ನಾನು ಹೆಣ್ಣು ನೋಡಲು ಹೋದ ಗಂಡಿನಂತೆ ಕೈಕಾಲು ತೊಳೆದು ಒಳಗೆ ಕಾಲಿಡಬೇಕಿತ್ತು. ಕಿರಿಕಿರಿಯಾಗುತ್ತಿತ್ತು. ಅವರ ಮೇಲೆ ನನಗೆ ಗೌರವವಿತ್ತು, ಪ್ರೀತಿಯಿತ್ತು ಎಂದು ಮಾತ್ರ ಹೇಳಲಾರೆ. ಅದಕ್ಕೆ ಅವರು ಜಾಗ ಕೊಡುತ್ತಿರಲಿಲ್ಲ.

ಅವರ ಕೆಲಸ ಏನೆಂದು ತಿಳಿಯಲು ನನಗೆ ಎರಡು ಚಳಿಗಾಲ ಬೇಕಾಯಿತು. ನಮ್ಮ ಕಡೆ ಗೋಧಿಗೆ ಭಂಡಾರ ರೋಗ ಬರುತ್ತದೆ. ಎಲೆಯ ಮೇಲೆ ದೇವರ ಭಂಡಾರ, ಅಂದರೆ ಅರಿಸಿನದ ಪುಡಿ, ಚೆಲ್ಲಿದ ಹಾಗೆ ಹಳದಿ, ಕೇಸರಿ ಪುಡಿ. ಹೊಲದಲ್ಲಿ ನಡೆದು ಬಂದರೆ ಧೋತರಕ್ಕೆಲ್ಲ ಹತ್ತಿಕೊಳ್ಳುತ್ತದೆ, ಕಾಳು ಜೊಳ್ಳಾಗುತ್ತದೆ. ಗೋಧಿಯ ದೂರದ ಬಳಗದ ಒಂದು ಕಾಡು ಹುಲ್ಲಿಗೆ ಮಾತ್ರ ಈ ರೋಗ ತಾಗುವುದಿಲ್ಲ. ಆ ಹುಲ್ಲನ್ನೂ ಗೋಧಿಯನ್ನೂ ಕೂಡಿಸಿದರೆ ಹುಲ್ಲಿನ ವರ್ಣತಂತು, ಅಂದರೆ ಗುಣಗಳನ್ನು ಹೊತ್ತಿರುವ ಎಳೆ, ಗೋಧಿಯೊಳಗೆ ಬರುತ್ತದೆ. ತೊಡಕೇನೆಂದರೆ ಅದು ಒಂದೇ ಗುಣ ಹೊತ್ತು ಬರುವುದಿಲ್ಲ. ರೋಗ ತಡೆಯುವ ಗುಣದ ಬೆನ್ನಿಗೇ ತಡವಾಗಿ ಮಾಗುವುದು, ಮುಟ್ಟಿದರೆ ತೆನೆ ಉದುರುವುದು, ಕಪ್ಪು ಹಿಟ್ಟು ಎಲ್ಲ ಬರುತ್ತವೆ. ಅಳಿಯನನ್ನು ಕರೆದರೆ ಬೀಗರ ದಂಡೇ ಬಂದು ಠಿಕಾಣಿ ಹೂಡಿದ ಹಾಗೆ. “ನನಗ ಅಳಿಯ ಅಷ್ಟ ಬೇಕ್ರಿ, ಬೀಗರು ಬ್ಯಾಡ,” ಎನ್ನುತ್ತಿದ್ದರು ಮದುವೆಯೇ ಆಗದ ಅಕ್ಕಾರು. ಹುಲ್ಲಿನ ಎಳೆ ಎಲ್ಲೋ ತುಂಡಾಗಿ, ಬೇಕಾದ ಚೂರು ಮಾತ್ರ ಗೋಧಿಯ ಎಳೆಗೆ ಅಂಟಿಕೊಳ್ಳಬೇಕು. ಅದು ಆಗುವುದು ಅಪರೂಪ. ಒಂದು ವೇಳೆ ಆದರೂ ಅದನ್ನು ಕಾಣುವುದು ಹೇಗೆ?

ಅದಕ್ಕೇ ಆ ಕೋಣೆ. ಗೋಧಿಯ ಮೊಳಕೆಯ ಬೇರ ತುದಿ ಕತ್ತರಿಸಿ, ಗಾಜಿನ ಮೇಲಿಟ್ಟು, ಇನ್ನೊಂದು ಗಾಜು ಮುಚ್ಚಿ ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಆ ಹೊತ್ತಿನಲ್ಲಿ ಯಾರೂ ಮಾತಾಡುವಂತಿಲ್ಲ. ಆಮೇಲೆ ಕಾಡು ಹುಲ್ಲಿನ ಡಿಎನ್‌ಎಗೆ ಹೊಳೆಯುವ ಬಣ್ಣ ಕಟ್ಟಿ ಅದರ ಮೇಲೆ ಬಿಡುತ್ತಿದ್ದರು. ಅದಕ್ಕೆ ಪ್ರೋಬ್ ಎನ್ನುತ್ತಾರಂತೆ. ಅದು ಹೋಗಿ ತನ್ನ ಕುಲದವರನ್ನೇ ಹುಡುಕಿ ಹತ್ತಿಕೊಳ್ಳುತ್ತದೆ. ಹುಲ್ಲೂ ಗೋಧಿಯೂ ದೂರದ ನೆಂಟರಾದ್ದರಿಂದ ತಪ್ಪಿ ಗೋಧಿಯ ಎಳೆಗೂ ಹತ್ತಬಹುದು. ಹಾಗಾಗದಿರಲಿ ಎಂದು ಬಣ್ಣವಿಲ್ಲದ ಗೋಧಿಯ ಡಿಎನ್‌ಎಯನ್ನೇ ಧಾರಾಳವಾಗಿ ಬೆರೆಸಿಬಿಡುತ್ತಿದ್ದರು. ನನಗೆ ಅರ್ಥವಾಗಲಿಲ್ಲ ಎಂದಾಗ, ಬ್ಯಾಡಗಿ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವುದಿಲ್ಲವೇ, ಈ ಬಣ್ಣವಿಲ್ಲದ್ದೇ ಆ ಟವೆಲ್ ಎಂದರು. ನೀಲಿ ಬೆಳಕು ಹಾಯಿಸಿದರೆ ಗೋಧಿಯ ಎಳೆಗಳು ಕೆಂಪಗೆ, ಹುಲ್ಲಿನದು ಹಸಿರಾಗಿ ಉರಿಯುತ್ತದೆ. ತುಸು ಹೊತ್ತು ಮಾತ್ರ, ನೋಡುತ್ತಿದ್ದಂತೆ ಮಾಸುತ್ತದೆ. ಆ ತುಸು ಹೊತ್ತಿಗೆ ನಾನು ಬೇಕಿತ್ತು.

ಬೇರನ್ನು ಕತ್ತರಿಸುವ ಮುಂಚೆ ಒಂದು ದಿನ ಮಂಜುಗಡ್ಡೆಯ ನೀರಲ್ಲಿ ಇಡಬೇಕಾಗಿತ್ತು. ಅದಕ್ಕೆ ರಾಣೇಬೆನ್ನೂರಿನ ಐಸ್ ಕ್ಯಾಂಡಿಯವನ ಮನೆಗೆ ಹೋಗುತ್ತಿದ್ದರು. ಊರೆಲ್ಲ ಕಂಬಳಿ ಹೊದ್ದಿರುವಾಗ ಐಸು ಕೇಳಿಕೊಂಡು ಬರುವ ಒಂದೇ ಗಿರಾಕಿ. ಮೊದಮೊದಲು ಅವನು ಮನೆಯಲ್ಲಿ ಯಾರಿಗೋ ಜ್ವರ ನೆತ್ತಿಗೇರಿದೆ ಎಂದುಕೊಂಡು ಮರುಗುತ್ತಿದ್ದನಂತೆ. ಅಕ್ಕಾರು ಅವನನ್ನು ತಿದ್ದಲು ಹೋಗಿರಲಿಲ್ಲ.

ಮೊದಲ ರೋಲನ್ನು ಹುಬ್ಬಳ್ಳಿಯ ಕಲರ್ ಲ್ಯಾಬಿಗೆ ಕಳಿಸಿದಾಗ ಒಂದು ಪ್ರಸಂಗವಾಯಿತು. ಮದುವೆ ಫೋಟೋಗಳಲ್ಲಿ ಟ್ಯೂಬ್‌ಲೈಟಿನ ಬೆಳಕಿಗೆ ಮದುಮಗಳ ಮುಖ ಹಸಿರಾಗುತ್ತದೆ. ಆ ಹಸಿರನ್ನು ತೆಗೆಯುವುದೇ ಲ್ಯಾಬಿನವನ ದಿನನಿತ್ಯದ ಪುಣ್ಯ. ಇವನ್ನೂ ಹಾಗೇ ಹಸನು ಮಾಡಿ ಕಳಿಸಿದ್ದ. ಅಕ್ಕಾರು ವರ್ಷಗಟ್ಟಲೆ ಹುಡುಕಿದ ಹುಲ್ಲು ಎಲ್ಲದರ ಜೊತೆ ಸೇರಿ ಗುಲಾಬಿಯಾಗಿತ್ತು. ಅಕ್ಕಾರು ಪ್ರಿಂಟುಗಳನ್ನು ಒಂದೊಂದಾಗಿ ನೋಡಿ, ಬೈಯದೆ, ಇನ್ನು ಮುಂದೆ ಲ್ಯಾಬಿನವನ ಪಕ್ಕದಲ್ಲಿ ನಿಂತು ತೊಳೆಸಿಕೊಂಡು ಬನ್ನಿ ಎಂದರು. ನಿಂತೆ. ಅವನು ಪರದೆಯ ಮೇಲೆ ಅವನ್ನು ಬಹಳ ಹೊತ್ತು ನೋಡಿ, “ಯಾರ ಹೊಟ್ಯಾಗಿನ ಜಂತುರೀ ಇವು?” ಎಂದು ಮೆಲ್ಲಗೆ ಕೇಳಿದ. ಬಂದು ಈ ಮಾತು ಹೇಳಿದಾಗ ಅಕ್ಕಾರು ನಕ್ಕದ್ದನ್ನು ನಾನು ಕಂಡೆ. ಆ ಕೋಣೆಯಲ್ಲಿ ಅಷ್ಟು ದೊಡ್ಡದಾಗಿ ನಕ್ಕದ್ದು ಅದೊಂದೇ ಸಲ ಎಂದು ಕಾಣುತ್ತದೆ.

ಹೊಗಳಿಕೆ ಅವರ ಬಾಯಲ್ಲಿರಲಿಲ್ಲ. ಸ್ಲೈಡ್ ಚೆನ್ನಾಗಿ ಬಂದರೆ, ಫೋಟೋ ಸರಿಯಾದರೆ, ಅಡುಗೆ ರುಚಿಯಾದರೆ, ಎಲ್ಲಕ್ಕೂ ಒಂದೇ ಮಾತು: “ಆತು.” ಸರಿಯಾಗದಿದ್ದರೆ ಅದೂ ಇಲ್ಲ. ಇನ್ನೊಂದು ಮಾತು ಆಗಾಗ ಬರುತ್ತಿತ್ತು: “ಕಾಣಲಿಲ್ಲ ಅಂದ್ರ ಇಲ್ಲ ಅಂತಲ್ರಿ.” ಸ್ಲೈಡಿನಲ್ಲಿ ಹಸಿರು ಕಾಣದ ದಿನ ಹೀಗೆಂದು ಕನ್ನಡಕ ಒರೆಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊಸ ಬೇರು ತೆಗೆಯುತ್ತಿದ್ದರು.

ನಾನು ಅಲ್ಲಿಗೆ ಹೋದ ಕೊನೆಯ ಚಳಿಗಾಲ ಶುರುವಾಗುವ ಮುಂಚೆ ಮಾಲೀಕರು ಅವರಿಗೆ ಒಂದು ಮಾತು ಹೇಳಿದ್ದರು. ಬಹಳ ವರ್ಷ ಕಾದಿದ್ದೇವೆ, ಇದೊಂದು ಹಂಗಾಮು ನೋಡುತ್ತೇನೆ, ಏನೂ ಕೈಗೆ ಹತ್ತದಿದ್ದರೆ ಆ ತುಂಡು ನೆಲಕ್ಕೆ ಮೆಣಸಿನಕಾಯಿ ಹಾಕಿಸುತ್ತೇನೆ ಎಂದು. ಕೆಟ್ಟ ಮನುಷ್ಯರಲ್ಲ, ವ್ಯಾಪಾರಿ. ಅಕ್ಕಾರು ಆಗಲಿ ಎಂದಿದ್ದರು. ಆ ಸಲ ಬಿತ್ತಿದ ಗೋಧಿಯ ಸಾಲುಗಳಲ್ಲಿ ಅಲ್ಲಲ್ಲಿ ಕೆಲವು ಗಿಡಗಳು ನೀಲಿ ಬಣ್ಣಕ್ಕೆ ತಿರುಗಿ, ಎತ್ತರವಾಗಿ, ರೋಮ ರೋಮವಾಗಿ ಎದ್ದಿದ್ದವು. ಹುಲ್ಲಿನ ಇಡೀ ಎಳೆ ಅವುಗಳಲ್ಲಿ ಕೂತಿತ್ತು. ಅವೇ ಅವರ ಬಂಡವಾಳ. ಅವುಗಳ ಮಕ್ಕಳಲ್ಲಿ ಎಲ್ಲಾದರೂ ಆ ಎಳೆ ತುಂಡಾದೀತು ಎಂಬ ಆಸೆ.

ಅಷ್ಟರಲ್ಲಿ ಅವರಿಗೆ ಜ್ವರ ಬಂದು ಕರ್ಜಗಿಯ ಅಣ್ಣನ ಮನೆಯಲ್ಲಿ ಮಲಗಿಬಿಟ್ಟರು.

ತೋಟದ ಹೆಣ್ಣಾಳುಗಳ ಗುಂಪಿಗೆ ಮಾಬೂಬಿ ಮುಖ್ಯಸ್ಥೆ. ಹತ್ತಿ ಬೀಜದ ಪ್ಲಾಟಿನಲ್ಲೇ ಕೂದಲು ನರೆಸಿಕೊಂಡವಳು. ತನ್ನ ಗುಂಪಿನೊಡನೆ ಉರ್ದುವಿನಲ್ಲಿ ಜಗಳ, ನಮ್ಮೊಡನೆ ಕನ್ನಡದಲ್ಲಿ ಮಾತು. ಬೀಜದ ಸೀಮೆಯಲ್ಲಿ ಬೆರಕೆ ಗಿಡ ಎಂದರೆ ಮನೆತನಕ್ಕೆ ಬಂದ ಮಾತು. ತಪಾಸಣೆಯವರು ಬಂದಾಗ ಒಂದು ಬೆರಕೆ ಕಂಡರೂ ಇಡೀ ಪ್ಲಾಟು ಹೋದಂತೆ. ಬೇರೆ ಜಾತಿಯ ಗಿಡವೊಂದು ಸಾಲಿನಲ್ಲಿ ತಲೆ ಎತ್ತಿದರೆ ಅದನ್ನು ಕೀಳುವ ತನಕ ಅಲ್ಲಿಯ ಹೆಂಗಸರಿಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಅಕ್ಕಾರು ದಿನವೂ ಹೊಲದಲ್ಲೇ ಇರುತ್ತಿದ್ದರಿಂದ ಗೋಧಿಯ ಸಾಲಿಗೆ ಬೇರೆಯವರು ಕೈ ಹಾಕುವ ಪ್ರಸಂಗವೇ ಬಂದಿರಲಿಲ್ಲ. ಹಾಗಾಗಿ ಹಾಕಬೇಡಿ ಎಂದು ಹೇಳುವ ಪ್ರಸಂಗವೂ ಬಂದಿರಲಿಲ್ಲ.

ಅವರು ಹೊಲಕ್ಕೆ ಮರಳಿದ ದಿನ ಗಿಡಗಳ ಫೋಟೋಕ್ಕೆಂದು ನಾನೂ ಹೋಗಿದ್ದೆ. ಬದುವಿನ ಮೇಲೆ ಮಾಬೂಬಿ ನಿಂತಿದ್ದಳು, ಮುಖದಲ್ಲಿ ಸಂತೋಷ. ಸಾಲುಗಳು ಬಾಚಿದ ತಲೆಯಂತೆ ಒಂದೇ ಸಮ. ಕಾಲ ಬುಡದಲ್ಲಿ ಕಿತ್ತ ಗಿಡಗಳ ಒಣಗಿದ ಗುಂಪಿ.

“ನೀವು ಇಲ್ಲಂತ ಹೊಲ ಕೆಡಬಾರದಲ್ರಿ ಅಕ್ಕಾರ. ಎಲ್ಲಾ ಹಸನ ಮಾಡೇವಿ. ಒಂದೂ ಬೆರಕಿ ಉಳದಿಲ್ಲ,” ಎಂದಳು.

ಅಕ್ಕಾರು ಗುಂಪಿಯಿಂದ ಒಂದು ಗಿಡ ಎತ್ತಿಕೊಂಡು ಬದುವಿನ ಮೇಲೆ ಕೂತರು. ಅದರ ಬೇರಿನ ಮಣ್ಣು ಉದುರಿಸಿದರು. ಒಣಗಿ ಕಡ್ಡಿಯಾಗಿತ್ತು. ಮಾಬೂಬಿಯ ಮುಖದ ಸಂತೋಷ ಮೆಲ್ಲಗೆ ಇಳಿಯಿತು. ಯಾರು ಕೀಳಲು ಹೇಳಿದರು ಎಂದು ಅಕ್ಕಾರು ಕೇಳಿದಾಗ, ಯಾರು ಹೇಳಬೇಕು, ಬೆರಕೆ ಕಂಡರೆ ಕೈ ಸುಮ್ಮನಿರುತ್ತದೆಯೇ ಎಂದಳು.

“ಆ ಬೆರಕೀನ ನನ್ನ ಬೆಳಿ ಇತ್ತು, ಮಾಬೂಬಿ,” ಎಂದರು ಅಕ್ಕಾರು.

ಅಷ್ಟೇ. ದನಿ ಏರಲಿಲ್ಲ. ಮಾಬೂಬಿ ಗುಂಪಿಯ ಮುಂದೆ ಕುಕ್ಕರಿಸಿ ಕೂತು, ಜೀವವಿರುವುದೇನಾದರೂ ಉಳಿದಿದೆಯೇ ಎಂದು ಒಂದೊಂದೇ ಗಿಡ ತಿರುವಿ ನೋಡತೊಡಗಿದಳು. ಏನೂ ಉಳಿದಿರಲಿಲ್ಲ. ನಾನು ಕ್ಯಾಮೆರಾ ಚೀಲದಿಂದ ಹೊರಗೇ ತೆಗೆಯದೆ ಬಸ್ಸು ಹತ್ತಿದೆ. ಮ್ಯಾನೇಜರ್ ಅವಳನ್ನು ಕೆಲಸದಿಂದ ಬಿಡಿಸಲು ಹೊರಟಾಗ ಅಕ್ಕಾರು ಅಡ್ಡ ಬಂದರೆಂದು ಆಮೇಲೆ ತಿಳಿಯಿತು. ಕೀಳುವುದನ್ನು ಅವಳಿಗೆ ಕಲಿಸಿದವರು ನಾವೇ, ಕಲಿತದ್ದನ್ನು ಮಾಡಿದ್ದಾಳೆ ಎಂದರಂತೆ.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಅವರೂ ಹಾಗೇ ಅಂದುಕೊಂಡಿದ್ದರೋ ಏನೋ, ಗೊತ್ತಿಲ್ಲ. ಹೊಲಕ್ಕೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಉಳಿದ ಗಿಡಗಳಿಗೆ ಕಾಲಕ್ಕೆ ಸರಿಯಾಗಿ ಭಂಡಾರ ಬಂತು. ಒಂದು ಬೆಳಿಗ್ಗೆ ಫೋನು ಬಂತು: “ಕ್ಯಾಮೆರಾ ತಗೊಂಡು ಬರ್ರಿ. ಹೊಲಕ್ಕ.” ಹೋದೆ. ಎಲ್ಲ ಗಿಡಗಳೂ ಹಳದಿ ಪುಡಿಯಲ್ಲಿ ಮಿಂದಿದ್ದವು. ನಡುವೆ ಒಂದು ಗಿಡ ಹಸಿರಾಗಿ ನಿಂತಿತ್ತು. ಎತ್ತರ ಅಷ್ಟೇ, ಎಲೆ ಹಾಗೇ, ತೆನೆ ಹಾಗೇ. ಭಂಡಾರ ಮಾತ್ರ ಇಲ್ಲ. ತೆನೆಯ ಮೀಸೆ ಎದ್ದು ಕಾಣಲೆಂದು ಗಿಡದ ಹಿಂದೆ ಅಕ್ಕಾರು ಒಂದು ಕಪ್ಪು ಬಟ್ಟೆ ಎತ್ತಿ ಹಿಡಿದರು. ಎತ್ತರ ತಿಳಿಯಲೆಂದು ಮಾಬೂಬಿಯನ್ನು ಪಕ್ಕದಲ್ಲಿ ನಿಲ್ಲಿಸಿದರು. ಅವಳು ಶಿಕ್ಷೆಗೆ ನಿಂತವಳಂತೆ ನಿಂತಿದ್ದಳು.

ಸುಗ್ಗಿಯಾಗಿ, ಆ ಗಿಡದ ಕಾಳು ಮೊಳಕೆಗೆ ಬಿದ್ದು, ಐಸಿನಲ್ಲಿ ಕೂತು, ಗಾಜಿಗೆ ಬರುವ ಹೊತ್ತಿಗೆ ಬಿಸಿಲು ಏರಿತ್ತು. ಕಿಟಕಿಗೆ ಕಪ್ಪು ಕಾಗದ ಹಚ್ಚಿದ ಆ ಕೋಣೆ ಕುಲುಮೆಯಾಗಿತ್ತು. ಅಕ್ಕಾರು ಕಣ್ಣಿಟ್ಟವರು ತೆಗೆಯಲಿಲ್ಲ. ಅವರ ಕೈ ಮಾತ್ರ ನನ್ನನ್ನು ಕರೆಯಿತು. ಅವರು ಸರಿದ ಕೂಡಲೇ ನಾನು ಕ್ಲಿಕ್ಕಿಸಿದೆ, ಆಮೇಲೆ ನೋಡಿದೆ. ಕೆಂಪು ಎಳೆಗಳ ನಡುವೆ ಒಂದು ಜೋಡಿಯ ತುದಿಯಲ್ಲಿ ಸಾಸಿವೆಯಷ್ಟು ಹಸಿರು. ಹುಲ್ಲಿನ ಉಳಿದ ಮೈಯೆಲ್ಲ ಎಲ್ಲೋ ಕಳಚಿ ಹೋಗಿತ್ತು. ಬೀಗರೆಲ್ಲ ಎದ್ದು ಹೋಗಿ ಅಳಿಯ ಒಬ್ಬನೇ ಕೂತಿದ್ದ.

“ಆತು,” ಎಂದರು. ಕಣ್ಣಲ್ಲಿ ನೀರಿತ್ತು. ಅದನ್ನು ಒರೆಸಿಕೊಳ್ಳಲೂ ಇಲ್ಲ, ಮುಚ್ಚಿಡಲೂ ಇಲ್ಲ.

ಆಮೇಲೆ ಹೊರಗೆ ಹತ್ತಿ ಬೀಜ ಆರಿಸುತ್ತಿದ್ದ ಮಾಬೂಬಿಯನ್ನು ಕರೆಸಿ, ಇನ್ನೊಂದು ಸ್ಲೈಡ್ ಹಚ್ಚಿ, ನೋಡು ಎಂದರು. ಅವಳಿಗೆ ಆ ಕೊಳವೆಯಲ್ಲಿ ನೋಡಲು ಬರದೆ, ಒಂದು ಕಣ್ಣು ಕೈಯಿಂದ ಮುಚ್ಚಿಕೊಂಡು, ಕೊನೆಗೆ ಕಂಡಳು. ಆ ಹಸಿರು ಚುಕ್ಕೆಯೇ ಹುಲ್ಲು ಎಂದು ಅಕ್ಕಾರು ತಿಳಿಸಿ ಹೇಳಿದರು.

“ಮತ್ತ ಹೊಲದಾಗ ಇದು ನನಗ ಯಾಕ ಕಾಣಲಿಲ್ರಿ?” ಎಂದಳು ಮಾಬೂಬಿ.

“ನಿನ್ನ ಕಣ್ಣಿಗೆ ಬೀಳದಂಥಾದ್ದನ್ನ ನಾನು ಇಷ್ಟು ವರ್ಷ ಹುಡಕಾಕತ್ತಿದ್ದೆ,” ಎಂದರು ಅಕ್ಕಾರು.

ಈ ಕತೆಯನ್ನು ನಾನು ಸ್ಟುಡಿಯೋದಲ್ಲಿ ಬಂದವರಿಗೆಲ್ಲ ಹೇಳುತ್ತಿದ್ದೆ, ಮಾಬೂಬಿ ಕಿತ್ತದ್ದೇ ಒಳ್ಳೆಯದಾಯಿತು ಎಂದು ಕೊನೆಗೆ ಒಂದು ಗಂಟು ಹಾಕಿ. ಒಮ್ಮೆ ಅಕ್ಕಾರ ಮುಂದೆಯೂ ಹೇಳಿದೆ. ಅವರು ಒಪ್ಪಲಿಲ್ಲ. ತಪ್ಪು ತಪ್ಪೇ, ಅವಳು ಕೀಳದಿದ್ದರೂ ಭಂಡಾರ ಬಂದಾಗ ಆ ಗಿಡ ಸಿಕ್ಕೇ ಸಿಗುತ್ತಿತ್ತು, ಕಿತ್ತವುಗಳ ಹೊಟ್ಟೆಯಲ್ಲಿ ಇದಕ್ಕಿಂತ ಒಳ್ಳೆಯದು ಇದ್ದಿರಲೂಬಹುದು ಎಂದರು. ಮದುಮಗಳ ಮುಖದ ಮಚ್ಚೆ ತೆಗೆಯುವ ಹಾಗೆ ಕತೆಗೂ ಮಾಡುತ್ತೀರಿ ಎಂದು ಸೇರಿಸಿದರು. ನಾನು ಕತೆ ಬಿಡಲಿಲ್ಲ, ಕೊನೆಯ ಗಂಟನ್ನು ಮಾತ್ರ ಬಿಚ್ಚಿದೆ.

ಆ ಹಸಿರು ಕಂಡ ದಿನ ಅಕ್ಕಾರು ಗೆದ್ದರೆಂದು ತಿಳಿದಿದ್ದೆ. ಆದರೆ ಮಾಲೀಕರು ಪ್ರಿಂಟು ನೋಡಿ, ಹೊಲದಲ್ಲಿ ಆ ಗಿಡ ನೋಡಿದ್ದನ್ನು ನೆನೆದು, ಬೇರೆಯೇ ಪ್ರಶ್ನೆ ಕೇಳಿದರು. “ನೋಡೋರಿಗೆ ಫರಕ ಕಾಣದಿದ್ರ ಚೀಲದ ಮ್ಯಾಲೆ ಏನಂತ ಬರಸಲಿ, ಅಕ್ಕಾರ?” ಹತ್ತಿಯ ಹೈಬ್ರಿಡ್ ಬೀಜವನ್ನು ರೈತ ವರ್ಷ ವರ್ಷ ಕೊಳ್ಳಬೇಕು. ಗೋಧಿ ಹಾಗಲ್ಲ. ಒಂದು ಸಲ ಕೊಂಡವನು ಮನೆಯಲ್ಲೇ ಕಾಳು ಎತ್ತಿಟ್ಟು ಬಿತ್ತುತ್ತಾನೆ, ಬೀಗರಿಗೂ ಕೊಡುತ್ತಾನೆ. ಹಸಿರು ಚುಕ್ಕೆ ಅವನ ಕಣ್ಣಿಗೂ ಕಾಣುವುದಿಲ್ಲ. ಅಕ್ಕಾರು ವಾದ ಮಾಡಲಿಲ್ಲ. ಆ ಕಾಳನ್ನು ಮನೆಗೆ ಒಯ್ಯಲೇ ಎಂದಷ್ಟೇ ಕೇಳಿದರು. ಒಯ್ಯಿರಿ ಎಂದರು ಮಾಲೀಕರು. ಮುಂದಿನ ಹಂಗಾಮಿನಲ್ಲಿ ಅಲ್ಲಿ ಮೆಣಸಿನಕಾಯಿ ಬಂತು. ಅದು ನನ್ನೂರಿನ ಬೆಳೆ, ನನ್ನ ಅರ್ಧ ಗಿರಾಕಿಗಳ ಅನ್ನ. ಆದರೂ ಆ ವರ್ಷ ಅದರ ಮೇಲೆ ನನಗೆ ಸಿಟ್ಟು ಬಂದಿತ್ತು.

ಆಮೇಲೆ ನನ್ನನ್ನು ಕರೆಯುವ ಕೆಲಸ ಉಳಿಯಲಿಲ್ಲ. ಅವರು ನಿವೃತ್ತಿಯ ತನಕ ಹತ್ತಿ ಬೀಜದ ಶುದ್ಧಿ ನೋಡಿಕೊಂಡಿದ್ದರು. ಒಮ್ಮೆ ಹಾವೇರಿ ಸ್ಟೇಷನ್ನಿನಲ್ಲಿ ಹುಬ್ಬಳ್ಳಿ ಗಾಡಿಗೆ ಕಾಯುತ್ತಿದ್ದಾಗ ಸಿಕ್ಕಿದ್ದರು. ಯೋಗಕ್ಷೇಮ ಏನೂ ಕೇಳಲಿಲ್ಲ. ನೆಗೆಟಿವ್‌ಗಳಿಗೆ ಬೂಷ್ಟು ಹಿಡಿದಿಲ್ಲ ತಾನೇ, ಹಸಿರು ಹಾಗೇ ಇದೆ ತಾನೇ ಎಂದು ಕೇಳಿದರು. ಇದೆ ಎಂದೆ. ಗಾಡಿ ಬಂತು.

ಕರ್ಜಗಿಯವನಿಗೆ ಆ ಹೊಲದ ಫೋಟೋ ತೋರಿಸಿದೆ. ಮಾಬೂಬಿ, ಗಿಡ, ಹಿಂದೆ ಕಪ್ಪು ಬಟ್ಟೆ. ಬಟ್ಟೆಯ ಮೇಲಂಚಿನಲ್ಲಿ ಎರಡು ಕಡೆ ನಾಲ್ಕು ನಾಲ್ಕು ಬೆರಳು. ಅವೇ ನಿಮ್ಮ ಅತ್ತೆ ಎಂದೆ. ಅವನು ಬಹಳ ಹೊತ್ತು ನೋಡಿ, “ಬೆರಳಿಗೆ ಹಾರ ಹಾಕಾಕ ಬರಂಗಿಲ್ಲಲ್ರಿ,” ಎಂದ. ನಿಜವೇ. ಗುರುತಿನ ಚೀಟಿಯದನ್ನೇ ದೊಡ್ಡದು ಮಾಡಿ, ಸಿಕ್ಕಾ ಅಳಿಸಿ ಕೊಡುತ್ತೇನೆ ಎಂದೆ. ಇದ್ದದ್ದನ್ನು ತೆಗೆಯುವ ಕೆಲಸ ಕೊನೆಗೆ ಅವರ ಫೋಟೋದ ಮೇಲೆಯೇ ಬಂತು.

ಅವನು ಎದ್ದು ಬೈಕಿನ ಕೀಲಿ ತೆಗೆದಾಗ ಕೇಳಿದೆ. ಅಕ್ಕಾರು ಬಹಳ ವರ್ಷದ ಹಿಂದೆ ಒಂದಿಷ್ಟು ಗೋಧಿ ಮನೆಗೆ ತಂದಿದ್ದರಲ್ಲ, ಅದೇನಾಯಿತು ಎಂದು. ಅವನಿಗೆ ನೆನಪಿಸಿಕೊಳ್ಳಲು ತುಸು ಹೊತ್ತು ಹಿಡಿಯಿತು.

“ಅದಾ? ಅದನ್ನ ಬಿತ್ತತೀವ್ರಿ ಈಗೂ. ಬಾಜೂ ಹೊಲದವ್ರೂ ಬೀಜಕ್ಕ ಒಯ್ಯತಾರ. ಭಂಡಾರ ಹತ್ತಂಗಿಲ್ಲ, ಅಷ್ಟ. ಬ್ಯಾರೆ ಏನೂ ವಿಶೇಷ ಇಲ್ಲ, ಸಾದಾ ಗೋಧಿ ಐತ್ರಿ,” ಎಂದ. ಆಮೇಲೆ ನನ್ನ ಮುಖ ನೋಡಿ, “ಯಾಕ್ರಿ?” ಎಂದು ಕೇಳಿದ.

“ಏನಿಲ್ಲಪ್ಪ. ಆತು,” ಎಂದೆ.